ನೆರೆನಾಡಿನ ಹಬ್ಬಗಳು

ಹೆಬ್ಬಗೋಡಿಯು ಆನೇಕಲ್ಲು ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಒಂದು ಕಾಲದಲ್ಲಿ ರಾಗಿಯ ಹೊಲಗಳಿದ್ದ ಈ ನೆಲದಲ್ಲಿ ಇಂದು ಕಾರ್ಖಾನೆಗಳೂ ಬಹುಮಹಡಿಯ ವಸತಿಗೃಹಗಳೂ ಎದ್ದಿವೆ. ನಾನಾ ಸೀಮೆಗಳಿಂದ ಜನರು ದುಡಿಮೆಯನ್ನರಸಿ ಇಲ್ಲಿಗೆ ಬಂದಿದ್ದಾರೆ. ಶಾಲೆಯ ಸೇವೆಯಿಂದ ನಿವೃತ್ತನಾದ ಮೇಲೆ ನಾನೂ ಇಲ್ಲಿಯೇ ನೆಲೆಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಅಂದು ವಿಜಯದಶಮಿ. ಹಿಂದಿನ ದಿನ ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಬೀದಿಯಲ್ಲಿ ಇನ್ನೂ ಬಿದ್ದಿದ್ದವು. ಬೆಳಗಿನ ಹೊತ್ತು ನಾನು ಪತ್ರಿಕೆಯನ್ನೋದುತ್ತ ಕುಳಿತಿರುವಾಗ, ಎದುರುಗಡೆಯ ವಸತಿಗೃಹದ ಕಾವಲುಗಾರ ಬಂದು ಬಾಗಿಲಲ್ಲಿ ನಿಂತ. ಆತ ನೇಪಾಳದವನು. ಬೀದಿಯವರೆಲ್ಲರೂ ಆತನನ್ನು ‘ಗೂರ್ಖಾ’ ಎಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆಯುತ್ತಿದ್ದೆ. ಆತನ ಕೈಯಲ್ಲೊಂದು ತಟ್ಟೆ. ಅದರಲ್ಲಿ ಮೊಸರು ಮತ್ತು ಕುಂಕುಮದಲ್ಲಿ ಕಲಸಿದ ಅಕ್ಕಿ. ಪಕ್ಕದಲ್ಲಿ ಗೇಣುದ್ದದ ಒಂದಿಷ್ಟು ಹಳದಿಯ ಸಸಿಗಳು.

“ಮೇಷ್ಟ್ರೇ, ಈ ದಿನ ನಾವು ಹಿರಿಯರ ಕೈಯಿಂದ ಹಣೆಗೆ ಇದನ್ನು ಇಡಿಸಿಕೊಳ್ಳಬೇಕು. ಈ ಊರಿನಲ್ಲಿ ನನಗೆ ಹಿರಿಯರು ಯಾರೂ ಇಲ್ಲ. ನೀವು ಇಡುತ್ತೀರಾ?” ಎಂದು ಆತ ತನಗೆ ಬರುವ ಕನ್ನಡದಲ್ಲಿ ಕೇಳಿದ.

ನಾನು ತಬ್ಬಿಬ್ಬಾದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನಾದರೂ, ಎದುರಿಗೆ ನಿಂತ ಮನುಷ್ಯನ ಹಬ್ಬ ಯಾವುದು, ಅದರಲ್ಲಿ ಹಿರಿಯನಾದವನು ಏನನ್ನು ಮಾಡಬೇಕು, ಏನೆಂದು ಹರಸಬೇಕು ಎಂಬುದೊಂದೂ ನನಗೆ ತಿಳಿದಿರಲಿಲ್ಲ. ಆತ ಹೇಳಿಕೊಟ್ಟಂತೆ ಅಕ್ಕಿಯನ್ನು ಹಣೆಗೆ ಒತ್ತಿ, ಸಸಿಗಳನ್ನು ಕಿವಿಯ ಮೇಲಿಟ್ಟು, “ಒಳ್ಳೆಯದಾಗಲಪ್ಪ” ಎಂದಷ್ಟೇ ಹೇಳಿದೆ. ಆತ ನನ್ನ ಕಾಲಿಗೆರಗಿ ಹೊರಟುಹೋದ. ನನ್ನ ಮನಸ್ಸಿನಲ್ಲಿ ಸಂಕೋಚ ಉಳಿಯಿತು. ಅದನ್ನು ಕಳೆದುಕೊಳ್ಳುವುದಕ್ಕಾಗಿ ಅಂದಿನಿಂದ ಆತನನ್ನು ಕೇಳಿಯೂ ಪುಸ್ತಕಗಳನ್ನೋದಿಯೂ ನಾನು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಭಾರತ ಮತ್ತು ನೇಪಾಳಗಳ ನಡುವೆ 1950ರ ಜುಲೈ 31ರಂದು ಶಾಂತಿ ಮತ್ತು ಮೈತ್ರಿಯ ಒಪ್ಪಂದವಾಯಿತು. ಅದರ ಫಲವಾಗಿ ಒಂದು ದೇಶದವರು ಇನ್ನೊಂದು ದೇಶದಲ್ಲಿ ವಾಸಮಾಡಬಹುದು, ದುಡಿಯಬಹುದು. ಹೀಗೆ ಬಂದ ನೇಪಾಳಿಗಳು ಬೆಂಗಳೂರಿನ ಸುತ್ತಲಿನ ಕೈಗಾರಿಕಾ ಊರುಗಳಲ್ಲಿ ಕಾವಲುಗಾರರಾಗಿಯೂ ಅಡಿಗೆಯವರಾಗಿಯೂ ಕೆಲಸ ಮಾಡುತ್ತಿದ್ದಾರೆ. ನಾವು ಅವರನ್ನೆಲ್ಲ ಒಂದೇ ಬಗೆಯ ಜನರೆಂದು ಭಾವಿಸುವುದುಂಟು. ಅದು ನಿಜವಲ್ಲ. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ 142 ಜನಸಮುದಾಯಗಳೂ 124 ಮಾತೃಭಾಷೆಗಳೂ ಇವೆ. ದಕ್ಷಿಣದಲ್ಲಿ ತರಾಯಿ ಎಂಬ ಬಯಲು, ನಡುವೆ ಬೆಟ್ಟಗಳು ಹಾಗೂ ಕಣಿವೆಗಳು, ಉತ್ತರದಲ್ಲಿ ಹಿಮಾಲಯ. ಬಯಲಿನ ಮೈಥಿಲರು ಮತ್ತು ಥಾರುಗಳು, ಕಠ್ಮಂಡು ಕಣಿವೆಯ ನೇವಾರರು, ಪೂರ್ವದ ಬೆಟ್ಟಗಳ ಕಿರಾತರು, ಹಿಮಸೀಮೆಯ ಶೆರ್ಪಾಗಳು ಮೊದಲಾದ ಎಲ್ಲರಿಗೂ ಅವರವರದೇ ಆದ ಹಬ್ಬಗಳುಂಟು. ಹಿಂದೂಗಳೂ ಬೌದ್ಧರೂ ಒಂದೇ ತೇರಿನ ಹಗ್ಗವನ್ನು ಹಿಡಿಯುವುದು ಅಲ್ಲಿ ಸಾಮಾನ್ಯವಾದ ನೋಟ.

ನೇಪಾಳದಲ್ಲಿ ವಿಕ್ರಮ ಶಕೆಯು ಆಡಳಿತದಲ್ಲಿಯೂ ಬಳಕೆಯಲ್ಲಿದೆ. ಕ್ರಿ.ಶ. 2025ರ ಏಪ್ರಿಲ್ ತಿಂಗಳ ನಡುವಿನಲ್ಲಿ ಆರಂಭವಾದದ್ದು ಅವರ 2082ನೆಯ ವರ್ಷ. ಅವರ ತಿಂಗಳುಗಳು ಸೂರ್ಯನ ಗತಿಯನ್ನನುಸರಿಸುತ್ತವೆ. ವೈಶಾಖ ಮಾಸದ ಮೊದಲ ದಿನವೇ ಹೊಸ ವರ್ಷ. ನಮ್ಮ ತುಳುನಾಡಿನಲ್ಲಿ ಬಿಸು ಹಬ್ಬ ಬರುವುದೂ ಅದೇ ಕಾಲಕ್ಕೆ. ಆದರೆ ಬಹುತೇಕ ಧಾರ್ಮಿಕ ಹಬ್ಬಗಳು ನಮ್ಮಲ್ಲಿರುವಂತೆ ಚಂದ್ರನ ತಿಥಿಗಳಿಗೆ ಅನುಸಾರವಾಗಿ ಬರುತ್ತವೆ.

ವರ್ಷವು ತೇರುಗಳ ಸಂಭ್ರಮದಿಂದ ಮೊದಲಾಗುವುದು. ಹೊಸ ವರ್ಷದ ಹೊತ್ತಿಗೆ ಭಕ್ತಪುರ ಪಟ್ಟಣದಲ್ಲಿ ಬಿಸ್ಕೆಟ್ ಜಾತ್ರೆ ನಡೆಯುತ್ತದೆ. ಭೈರವನ ರಥವನ್ನು ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ತಮ್ಮ ತಮ್ಮ ಕಡೆಗೆ ಎಳೆಯುವರು. ಬಯಲಿನಲ್ಲಿ ಎತ್ತರವಾದ ಮರದ ಕಂಬವೊಂದನ್ನು ನಿಲ್ಲಿಸಿ, ಮರುದಿನ ಅದನ್ನು ಉರುಳಿಸುವರು. ಕಂಬ ನೆಲಕ್ಕೊರಗಿದಾಗ ಹೊಸ ವರ್ಷ ಕಾಲಿಟ್ಟಿತೆಂದು ಎಣಿಕೆ. ವೈಶಾಖದ ಹುಣ್ಣಿಮೆಯಂದು ಬುದ್ಧ ಹುಟ್ಟಿದ ಲುಂಬಿನಿಯಲ್ಲಿ ಯಾತ್ರಿಕರು ಸೇರುವರು. ಅಶೋಕ ಚಕ್ರವರ್ತಿಯು ನಿಲ್ಲಿಸಿದ ಶಿಲಾಸ್ತಂಭ ಇಂದಿಗೂ ಅಲ್ಲಿದೆ.

ಇದೇ ಕಾಲದಲ್ಲಿ ಪಾಟನ್ ಪಟ್ಟಣದಲ್ಲಿ ಕೆಂಪು ಮಚ್ಛಿಂದ್ರನಾಥನ ರಥೋತ್ಸವ ಆರಂಭವಾಗಿ ವಾರಗಟ್ಟಲೆ ನಡೆಯುತ್ತದೆ. ಮಚ್ಛಿಂದ್ರನಾಥನು ಮಳೆಯನ್ನು ತರುವ ದೇವರು. ಶಿಷ್ಯನಾದ ಗೋರಖನಾಥನು ನಾಗಗಳನ್ನು ಅಡಗಿಸಿ ತಪಸ್ಸಿಗೆ ಕುಳಿತಾಗ ಹನ್ನೆರಡು ವರ್ಷ ಮಳೆಯಿಲ್ಲದಂತಾಯಿತೆಂದೂ, ಗುರುವು ಬರಲು ಶಿಷ್ಯನು ಎದ್ದು ನಿಂತನೆಂದೂ, ನಾಗಗಳು ಬಿಡುಗಡೆ ಹೊಂದಿ ಮಳೆ ಸುರಿಯಿತೆಂದೂ ಕಥೆ. ಬೌದ್ಧರು ಈ ದೇವರನ್ನೇ ಕರುಣಾಮಯನಾದ ಅವಲೋಕಿತೇಶ್ವರನೆಂದು ಪೂಜಿಸುವರು. ಇದು ನಮಗೆ ತೀರ ದೂರದ ಸಂಗತಿಯಲ್ಲ. ಮಂಗಳೂರಿನ ಕದ್ರಿಯು ನಾಥಪಂಥದ ಕೇಂದ್ರಗಳಲ್ಲೊಂದು. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮನು ಅಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವೂ ಅವಲೋಕಿತೇಶ್ವರನದೇ ಎಂದು ವಿದ್ವಾಂಸರು ಹೇಳುವರು.

ಮಚ್ಛಿಂದ್ರನಾಥನ ರಥವು ಸುಮಾರು 60 ಅಡಿ ಎತ್ತರದ್ದು. ಮರ ಮತ್ತು ಬೆತ್ತಗಳನ್ನು ಬಿಗಿದು ಕಟ್ಟಿದ ಅದರ ಶಿಖರವು ಇಕ್ಕಟ್ಟಾದ ಬೀದಿಗಳಲ್ಲಿ ಅತ್ತಿತ್ತ ತೂಗಾಡುತ್ತ ಸಾಗುವುದು. ಹೆಬ್ಬಗೋಡಿಯವರಿಗೆ ಈ ನೋಟವನ್ನು ಬಣ್ಣಿಸಬೇಕಾಗಿಲ್ಲ. ಸಮೀಪದ ಹುಸ್ಕೂರಿನಲ್ಲಿ ನಡೆಯುವ ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ನೂರಡಿಗೂ ಮೀರಿದ ತೇರುಗಳನ್ನು ಎಳೆತರುವುದನ್ನು ಅವರು ಬಲ್ಲರು. ಎತ್ತರವಾದ ತೇರಿನಲ್ಲಿ ಭಕ್ತಿಯ ಜೊತೆಗೆ ಅಪಾಯವೂ ಇದೆ. 2025ರ ಮಾರ್ಚ್ ತಿಂಗಳಲ್ಲಿ ಗಾಳಿಮಳೆಗೆ ಹುಸ್ಕೂರಿನ ತೇರು ಉರುಳಿದಾಗ ಜನರು ಪ್ರಾಣವನ್ನು ಕಳೆದುಕೊಂಡರು. ಮಚ್ಛಿಂದ್ರನಾಥನ ರಥ ವಾಲಿದರೆ ಅದು ನಾಡಿಗೆ ಕೇಡಿನ ಸೂಚನೆಯೆಂದು ನೇಪಾಳದವರು ಅಂಜುವರು. ಹನ್ನೆರಡು ವರ್ಷಗಳಿಗೊಮ್ಮೆ ಈ ರಥವನ್ನು ಬುಂಗಮತಿ ಎಂಬ ಹಳ್ಳಿಯಲ್ಲಿ ಕಟ್ಟಿ ಪಾಟನ್‌ಗೆ ಎಳೆತರುವುದು ಪದ್ಧತಿ. 2015ನೆಯ ವರ್ಷ ಅಂಥದೊಂದು ವರ್ಷವಾಗಿತ್ತು. ಆ ವರ್ಷದ ಏಪ್ರಿಲ್ 25ರಂದು ಭೂಕಂಪವಾಗಿ ಸುಮಾರು ಒಂಬತ್ತು ಸಾವಿರ ಜನರು ಮಡಿದರು. ರಥ ದಾರಿಯಲ್ಲಿಯೇ ನಿಂತಿತು. ಆದರೆ ಉತ್ಸವವನ್ನು ಅವರು ಕೈಬಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಮತ್ತೆ ಹಗ್ಗವನ್ನು ಹಿಡಿದು ಎಳೆದರು.

ಮಳೆ ಬಂದ ಮೇಲೆ ರೈತನ ಹಬ್ಬ. ಆಷಾಢದ 15ನೆಯ ದಿನ, ಎಂದರೆ ಜೂನ್ ಕೊನೆಯ ವೇಳೆಗೆ, ಭತ್ತದ ನಾಟಿಯ ದಿನವನ್ನು ಆಚರಿಸುವರು. ಕೆಸರುಗದ್ದೆಯಲ್ಲಿ ಹಾಡುತ್ತ ಸಸಿ ನೆಡುವರು. ಒಬ್ಬರ ಮೇಲೊಬ್ಬರು ಕೆಸರೆರಚುವರು. ಅಂದಿನ ವಿಶೇಷ ಊಟ ಯಾವುದೆಂದು ಕೇಳಿದರೆ ನಿಮಗೆ ಅಚ್ಚರಿಯಾದೀತು. ಅದು ನಮ್ಮ ಮೊಸರವಲಕ್ಕಿಯೇ!

ಶ್ರಾವಣದಲ್ಲಿ ನಾಗರಪಂಚಮಿಯಂದು ನಾಗನ ಚಿತ್ರವನ್ನು ಬಾಗಿಲ ಮೇಲೆ ಅಂಟಿಸುವರು. ನಮ್ಮ ನೂಲಹುಣ್ಣಿಮೆಯ ದಿನ ಅಲ್ಲಿಯೂ ಜನಿವಾರವನ್ನು ಬದಲಿಸುವರು. ಎಲ್ಲರೂ ಮುಂಗೈಗೆ ರಕ್ಷೆಯ ದಾರವನ್ನು ಕಟ್ಟಿಸಿಕೊಳ್ಳುವರು. ಒಂಬತ್ತು ಬಗೆಯ ಕಾಳುಗಳನ್ನು ಮೊಳಕೆ ಬರಿಸಿ ಮಾಡುವ ‘ಕ್ವಾಟಿ’ ಎಂಬ ಸಾರು ಅಂದಿನ ಅಡಿಗೆ. ಮೊಳಕೆಕಾಳಿನ ಸಾರಿನ ರುಚಿಯನ್ನು ಬಲ್ಲ ನಮಗೆ ಅದು ಅಪರಿಚಿತವೆನಿಸದು.

ಅದರ ಮರುದಿನ ಬರುವ ಗಾಯಿಜಾತ್ರೆ ಎಂಬ ಆಕಳ ಹಬ್ಬವು ಇವೆಲ್ಲಕ್ಕಿಂತ ಬೇರೆಯಾದುದು. ಕಳೆದ ಒಂದು ವರ್ಷದಲ್ಲಿ ಯಾರ ಮನೆಯಲ್ಲಿ ಸಾವು ಸಂಭವಿಸಿದೆಯೋ ಆ ಮನೆಯವರೆಲ್ಲ ಸತ್ತವರ ನೆನಪಿಗಾಗಿ ಒಂದು ಆಕಳನ್ನೋ, ಆಕಳಂತೆ ವೇಷ ತೊಟ್ಟ ಮಗುವನ್ನೋ ಪಟ್ಟಣದ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಕಳುಹಿಸುವರು. ಆಕಳು ಸತ್ತವರನ್ನು ಪರಲೋಕದ ದಾರಿಯಲ್ಲಿ ನಡೆಸುವುದೆಂಬ ನಂಬಿಕೆ ಇದರ ಹಿಂದಿದೆ. ಹದಿನೇಳನೆಯ ಶತಮಾನದಲ್ಲಿ ಕಠ್ಮಂಡುವಿನ ಅರಸನಾಗಿದ್ದ ಪ್ರತಾಪ ಮಲ್ಲನ ಮಗ ತೀರಿಕೊಂಡನು. ರಾಣಿಯ ದುಃಖ ಶಮನವಾಗಲಿಲ್ಲ. ಆಗ ಅರಸನು, ಆ ವರ್ಷ ಸಾವನ್ನು ಕಂಡ ಮನೆಗಳವರೆಲ್ಲ ಮೆರವಣಿಗೆಯಲ್ಲಿ ಬರಬೇಕೆಂದೂ ರಾಣಿಯನ್ನು ನಗಿಸಬೇಕೆಂದೂ ಆಜ್ಞಾಪಿಸಿದನೆಂದು ಹೇಳುವರು. ಸಾಲುಸಾಲಾಗಿ ಬಂದ ಮನೆಗಳವರನ್ನು ಕಂಡು, ಈ ನೋವು ತನ್ನೊಬ್ಬಳದೇ ಅಲ್ಲವೆಂದು ರಾಣಿಗೆ ಅರಿವಾಯಿತಂತೆ. ಸಾಸಿವೆಯನ್ನರಸಿ ಮನೆಮನೆಗೆ ಹೋದ ಕಿಸಾಗೋತಮಿಯ ಕಥೆಯನ್ನು ಬಲ್ಲ ನಮಗೆ ಇದರ ಅರ್ಥ ಸುಲಭವಾಗಿ ತಿಳಿಯುವುದು. ಇಂದಿಗೂ ಅಂದು ಜನರು ವಿಚಿತ್ರ ವೇಷಗಳನ್ನು ತೊಟ್ಟು ನಗೆಚಾಟಿಕೆ ಮಾಡುವರು. ಅಧಿಕಾರದಲ್ಲಿರುವವರನ್ನೂ ಅಂಜದೆ ಹಾಸ್ಯಮಾಡುವರು. ದುಃಖಿತರನ್ನು ಮನೆಯೊಳಗೆ ಕೂಡದೆ, ಅವರನ್ನೇ ಮುಂದೆ ನಿಲ್ಲಿಸಿ ಊರಿಗೆ ಊರೇ ಜೊತೆಯಲ್ಲಿ ನಡೆಯುವ ಹಬ್ಬ ಇದು.

ಭಾದ್ರಪದದಲ್ಲಿ ನಮ್ಮ ಹೆಣ್ಣುಮಕ್ಕಳು ಗೌರಿಯ ವ್ರತವನ್ನು ಕೈಗೊಳ್ಳುವ ತದಿಗೆಯ ದಿನವೇ ನೇಪಾಳದ ಹೆಂಗಸರಿಗೆ ‘ತೀಜ್’ ಹಬ್ಬ. ಹಿಂದಿನ ರಾತ್ರಿ ಹಬ್ಬದೂಟವನ್ನು ಉಂಡು, ಮರುದಿನ ನೀರನ್ನೂ ಮುಟ್ಟದೆ ಉಪವಾಸವಿದ್ದು, ಕೆಂಪು ಸೀರೆಯುಟ್ಟು ಶಿವಾಲಯಗಳಿಗೆ ಹೋಗಿ ಕುಣಿದು ಹಾಡುವರು. ನಮ್ಮಲ್ಲಿ ಮಗಳಿಗೆ ತವರಿನಿಂದ ಬಾಗಿನ ಬರುವಂತೆ, ಅಲ್ಲಿ ಮಗಳನ್ನು ತವರಿಗೆ ಕರೆತರುವರು. ತೀಜಿನ ಹಾಡುಗಳಲ್ಲಿ ದೇವರ ಸ್ತುತಿ ಮಾತ್ರವಲ್ಲ, ಅತ್ತೆಯ ಮನೆಯಲ್ಲಿ ಹೆಣ್ಣು ಪಟ್ಟ ಪಾಡೂ ಇರುವುದು. ವರ್ಷವೆಲ್ಲ ನುಂಗಿಕೊಂಡ ಮಾತನ್ನು ಅಂದು ಆಕೆ ಹಾಡಿ ಹೇಳಬಹುದು, ಕೇಳಬೇಕಾದವರು ಕೇಳಲೇಬೇಕು.

ಅದೇ ಮಾಸದಲ್ಲಿ ಕಠ್ಮಂಡುವಿನಲ್ಲಿ ಎಂಟು ದಿನಗಳ ಇಂದ್ರಜಾತ್ರೆ. ತಾಯಿಗಾಗಿ ಪಾರಿಜಾತದ ಹೂವನ್ನು ಕದಿಯಲು ಬಂದ ಇಂದ್ರನನ್ನು ಊರವರು ಕಟ್ಟಿಹಾಕಿದರಂತೆ. ಆತನ ತಾಯಿ ಬಂದು ಮಗನನ್ನು ಬಿಡಿಸಿಕೊಂಡು, ಪ್ರತಿಯಾಗಿ ಬೆಳೆಗೆ ಬೇಕಾದ ಇಬ್ಬನಿಯನ್ನು ಕೊಡುವೆನೆಂದೂ, ಆ ವರ್ಷ ಸತ್ತವರನ್ನು ಸ್ವರ್ಗಕ್ಕೆ ಕರೆದೊಯ್ಯುವೆನೆಂದೂ ಮಾತುಕೊಟ್ಟಳಂತೆ. ಈ ಜಾತ್ರೆಯಲ್ಲಿ ಜೀವಂತ ದೇವಿಯಾದ ಕುಮಾರಿಯನ್ನು ರಥದಲ್ಲಿ ಮೆರೆಸುವರು. ಕುಮಾರಿಯು ಬೌದ್ಧ ಶಾಕ್ಯ ಮನೆತನದ ಎಳೆಯ ಬಾಲಿಕೆ. ಆಕೆಯನ್ನು ಹಿಂದೂಗಳೂ ಬೌದ್ಧರೂ ಪೂಜಿಸುವರು. 1768ರಲ್ಲಿ ಗೋರ್ಖಾದ ಅರಸ ಪೃಥ್ವಿನಾರಾಯಣ ಶಾಹನು ಕಠ್ಮಂಡುವನ್ನು ಗೆದ್ದದ್ದು ಇದೇ ಜಾತ್ರೆಯ ದಿನಗಳಲ್ಲಿ. ಗೋರ್ಖಾ ಎಂಬುದು ನಡುನೇಪಾಳದ ಒಂದು ಊರು. ನಾವು ‘ಗೂರ್ಖಾ’ ಎಂದು ಕರೆಯುವುದು ಆ ಊರಿನ ಹೆಸರನ್ನು; ಮನುಷ್ಯನ ಹೆಸರನ್ನಲ್ಲ.

ನೇಪಾಳಿಗಳಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬವೆಂದರೆ ದಶೈಂ. ನಮ್ಮ ನವರಾತ್ರಿ ಆರಂಭವಾಗುವ ದಿನವೇ ಅದೂ ಮೊದಲಾಗಿ ಹುಣ್ಣಿಮೆಯವರೆಗೆ ಹದಿನೈದು ದಿನ ನಡೆಯುವುದು. ಮೊದಲ ದಿನ ಘಟಸ್ಥಾಪನೆ. ಮರಳು ಮತ್ತು ಮಣ್ಣಿನಲ್ಲಿ ಜವೆಗೋಧಿಯನ್ನು ಬಿತ್ತಿ, ಬಿಸಿಲು ಸೋಕದ ಕೋಣೆಯಲ್ಲಿ ಬೆಳೆಸುವರು. ಬೆಳಕು ಕಾಣದ ಕಾರಣ ಸಸಿಗಳು ಹಳದಿಯ ಬಣ್ಣವನ್ನು ತಳೆಯುವುವು. ಇವಕ್ಕೆ ‘ಜಮರಾ’ ಎಂದು ಹೆಸರು. ಉತ್ತರ ಕರ್ನಾಟಕದ ಮನೆಗಳಲ್ಲಿಯೂ ನವರಾತ್ರಿಯಲ್ಲಿ ಘಟದ ಸುತ್ತ ಧಾನ್ಯದ ಸಸಿಗಳನ್ನು ಬೆಳೆಸುವುದುಂಟು. ನನ್ನ ಬಾಗಿಲಿಗೆ ಬಂದ ಕಾವಲುಗಾರನು ತನ್ನ ಸಸಿಗಳನ್ನು ವಸತಿಗೃಹದ ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಒಡೆದ ಹೂಕುಂಡವೊಂದರಲ್ಲಿ ಬೆಳೆಸಿದ್ದನೆಂದು ಆಮೇಲೆ ತಿಳಿಯಿತು.

ಏಳನೆಯ ದಿನ ‘ಫೂಲ್‌ಪಾತಿ’. ಗೋರ್ಖಾದ ಹಳೆಯ ಅರಮನೆಯಿಂದ ಬಾಳೆ, ಕಬ್ಬು, ಹೂವು, ಜಮರಾ ಮೊದಲಾದವನ್ನು ಹೊತ್ತು ತಂದು ಕಠ್ಮಂಡುವಿನ ಹನುಮಾನ್ ಢೋಕಾ ಅರಮನೆಗೆ ಒಪ್ಪಿಸುವರು. ಅಷ್ಟಮಿ ನವಮಿಗಳಲ್ಲಿ ದೇವಿಗೆ ಬಲಿಯುಂಟು. ನವಮಿಯಂದು ನಮ್ಮ ಆಯುಧಪೂಜೆಯಂತೆಯೇ ಉಪಕರಣಗಳಿಗೂ ವಾಹನಗಳಿಗೂ ಪೂಜೆ. ಕಠ್ಮಂಡುವಿನ ತಲೇಜು ಭವಾನಿಯ ದೇವಾಲಯವು ಸಾಮಾನ್ಯ ಜನರಿಗಾಗಿ ತೆರೆಯುವುದು ವರ್ಷದಲ್ಲಿ ಆ ಒಂದು ದಿನ ಮಾತ್ರ.

ಈ ತಲೇಜು ದೇವಿಯ ಕಥೆಯಲ್ಲಿ ನಮ್ಮ ನಾಡಿನ ಹೆಸರೂ ಇದೆ. ಕ್ರಿ.ಶ. 1097ರಲ್ಲಿ ನಾನ್ಯದೇವನೆಂಬ ವೀರನು ಮಿಥಿಲೆಯಲ್ಲಿ ರಾಜ್ಯವೊಂದನ್ನು ಸ್ಥಾಪಿಸಿದನು. ಆತನ ವಂಶಕ್ಕೆ ‘ಕರ್ನಾಟ ವಂಶ’ವೆಂದೇ ಹೆಸರು. ಕಲ್ಯಾಣದ ಚಾಲುಕ್ಯರ ದಂಡಿನೊಡನೆ ಕನ್ನಡ ನಾಡಿನಿಂದ ಉತ್ತರಕ್ಕೆ ಹೋದವರ ಪೈಕಿ ಆತನೂ ಒಬ್ಬನಿರಬೇಕೆಂದು ವಿದ್ವಾಂಸರ ಊಹೆ. ಆತನ ರಾಜಧಾನಿ ಸಿಮ್ರೌನಗಢದ ಅವಶೇಷಗಳು ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿವೆ. ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಘಿಯಾಸುದ್ದೀನ್ ತುಘಲಕನ ಸೇನೆ ಆ ಪಟ್ಟಣವನ್ನು ಹಾಳುಗೆಡವಲು, ಅರಸ ಹರಿಸಿಂಹದೇವನು ಬೆಟ್ಟಗಳ ಕಡೆಗೆ ಓಡಿದನು. ಆತನ ಮನೆದೇವತೆಯಾದ ತಲೇಜು ಹೀಗೆ ನೇಪಾಳದ ಕಣಿವೆಯನ್ನು ಸೇರಿದಳೆಂದು ಐತಿಹ್ಯ. ಮುಂದೆ ಮಲ್ಲ ಅರಸರು ಆಕೆಯನ್ನು ತಮ್ಮ ಕುಲದೇವತೆಯನ್ನಾಗಿ ಮಾಡಿಕೊಂಡರು.

ಹತ್ತನೆಯ ದಿನವೇ ದಶೈಂ ಹಬ್ಬದ ತಿರುಳು. ಮನೆಯ ಹಿರಿಯರು ಕಿರಿಯರ ಹಣೆಗೆ ಮೊಸರು ಕುಂಕುಮಗಳಲ್ಲಿ ಕಲಸಿದ ಅಕ್ಷತೆಯನ್ನಿಟ್ಟು, ಕಿವಿಯ ಮೇಲೆ ಜಮರಾ ಸಸಿಗಳನ್ನಿರಿಸಿ, ಕೈಗೆ ದಕ್ಷಿಣೆಯನ್ನು ಕೊಟ್ಟು, ಆಯುಸ್ಸು, ಸಂಪತ್ತು, ಕೀರ್ತಿ, ಜಯಗಳು ದೊರೆಯಲೆಂದು ಹರಸುವರು. ಈ ತಿಲಕಕ್ಕೆ ‘ಟೀಕಾ’ ಎಂದು ಹೆಸರು. ಟೀಕಾ ಪಡೆಯುವುದು ಆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹುಣ್ಣಿಮೆಯವರೆಗೂ ಐದು ದಿನಗಳ ಕಾಲ ಬಂಧುಗಳಲ್ಲಿ ಹಿರಿಯರಾದವರ ಮನೆಗಳಿಗೆ ಹೋಗಿ ಪಡೆಯಬಹುದು. ದಾರಿಗಳು ಕಡಿದಾದ ಬೆಟ್ಟದ ನಾಡಿನಲ್ಲಿ ಮೂರು ದಿನ ನಡೆದು ಬಂದವನಿಗೂ ಹಬ್ಬ ತಪ್ಪಬಾರದಲ್ಲವೆ? ಆದುದರಿಂದಲೇ ಹೊರನಾಡುಗಳಲ್ಲಿ ದುಡಿಯುವ ನೇಪಾಳಿಗಳು ಏನಾದರೂ ಮಾಡಿ ದಶೈಂಗೆ ಊರು ಸೇರಲು ಹಂಬಲಿಸುವರು. ರಜೆ ದೊರೆಯದವರು, ದಾರಿಯ ವೆಚ್ಚಕ್ಕೆ ಹಣವಿಲ್ಲದವರು ಹಿಂದೆ ಉಳಿಯುವರು. ಅಂಥವರಲ್ಲೊಬ್ಬನು ಅಂದು ನನ್ನ ಬಾಗಿಲಲ್ಲಿ ನಿಂತಿದ್ದನು.

ದಶೈಂ ಮುಗಿದು ಅಮಾವಾಸ್ಯೆ ಸಮೀಪಿಸಿದಾಗ ಐದು ದಿನಗಳ ‘ತಿಹಾರ್’ ಬರುವುದು. ಇದು ನಮ್ಮ ದೀಪಾವಳಿಯ ಕಾಲ. ಮೊದಲ ದಿನ ಯಮನ ದೂತನೆಂದು ಕಾಗೆಗೆ ಅನ್ನವಿಡುವರು. ಎರಡನೆಯ ದಿನ ನಾಯಿಯ ಹಬ್ಬ. ಸಾಕಿದ ನಾಯಿಯಿರಲಿ, ಬೀದಿಯ ನಾಯಿಯಿರಲಿ, ಅದರ ಹಣೆಗೆ ಕುಂಕುಮವಿಟ್ಟು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹೊಟ್ಟೆತುಂಬ ಊಟವಿಕ್ಕುವರು. ಮೂರನೆಯ ದಿನ ಆಕಳಿಗೆ ಮತ್ತು ಲಕ್ಷ್ಮಿಗೆ ಪೂಜೆ; ರಾತ್ರಿ ಹುಡುಗ ಹುಡುಗಿಯರು ಗುಂಪುಗಳಾಗಿ ಮನೆಮನೆಗೆ ಹೋಗಿ ಹಾಡಿ ಹರಸುವರು. ನಾಲ್ಕನೆಯ ದಿನ, ಎಂದರೆ ನಮ್ಮ ಬಲಿಪಾಡ್ಯಮಿಯಂದು, ಎತ್ತಿಗೂ ಗೋವರ್ಧನಕ್ಕೂ ಪೂಜೆ. ನೇವಾರರಿಗೆ ಅದೇ ಹೊಸ ವರ್ಷದ ದಿನ. ಕ್ರಿ.ಶ. 879ರಲ್ಲಿ ಮೊದಲಾದ ‘ನೇಪಾಳ ಸಂವತ್’ ಎಂಬ ಶಕೆ ಅವರದು. ಆ ರಾತ್ರಿ ಅವರು ತಮ್ಮ ದೇಹವನ್ನೇ ಪೂಜಿಸಿಕೊಳ್ಳುವರು. ಮನೆಯ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಮಂಡಲವನ್ನು ಬರೆದು ದೀಪವನ್ನು ಹಚ್ಚುವರು.

ಐದನೆಯ ದಿನ ‘ಭಾಯಿ ಟೀಕಾ’. ಸೋದರಿಯು ಸೋದರನ ಸುತ್ತ ಎಣ್ಣೆಯ ಧಾರೆಯಿಂದ ರಕ್ಷೆಯ ಗೆರೆಯನ್ನೆಳೆದು, ಹೊಸ್ತಿಲಲ್ಲಿ ಅಕ್ರೋಟವನ್ನು ಒಡೆದು, ಏಳು ಬಣ್ಣಗಳ ತಿಲಕವನ್ನಿಟ್ಟು, ಬೇಗ ಬಾಡದ ಹೂವಿನ ಮಾಲೆಯನ್ನು ತೊಡಿಸುವಳು. ಸೋದರನನ್ನು ಒಯ್ಯಲು ಬಂದ ಯಮನಿಗೆ, “ಈ ಹೂ ಬಾಡುವವರೆಗೆ ತಾಳು” ಎಂದು ಒಬ್ಬ ಸೋದರಿ ಹೇಳಿದಳಂತೆ. ಹೂ ಬಾಡಲೇ ಇಲ್ಲವಂತೆ. ಒಡಹುಟ್ಟಿದವರಿಲ್ಲದವರು ಆ ದಿನ ಏನು ಮಾಡಬೇಕು? ಕಠ್ಮಂಡುವಿನ ನಡುವೆ ‘ರಾನಿಪೋಖರಿ’ ಎಂಬ ಕೊಳವಿದೆ. ಮಗನನ್ನು ಕಳೆದುಕೊಂಡ ಅದೇ ರಾಣಿಯ ಸಮಾಧಾನಕ್ಕಾಗಿ ಪ್ರತಾಪ ಮಲ್ಲನು 1670ರಲ್ಲಿ ಅದನ್ನು ಕಟ್ಟಿಸಿದನು. ಕೊಳದ ಮಧ್ಯದ ಗುಡಿಯ ಬಾಗಿಲನ್ನು ಭಾಯಿ ಟೀಕಾ ದಿನ ತೆರೆಯುವರು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇಲ್ಲದವರು ಅಲ್ಲಿಗೆ ಹೋಗಿ ಟೀಕಾ ಪಡೆಯುವರು. ಒಬ್ಬ ತಾಯಿಯ ದುಃಖಕ್ಕಾಗಿ ಕಟ್ಟಿದ ಕೊಳವು ಇಂದು ಒಂಟಿಯಾದವರ ಹಬ್ಬಕ್ಕೆ ನೆಲೆಯಾಗಿದೆ.

ಚಳಿಗಾಲದ ಹಬ್ಬಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮಾರ್ಗಶಿರ ಶುದ್ಧ ಪಂಚಮಿಯಂದು ಜನಕಪುರದಲ್ಲಿ ಸೀತಾರಾಮರ ವಿವಾಹೋತ್ಸವ. ಹುಣ್ಣಿಮೆಯಂದು ನೇವಾರರು ಹೊಸ ಅಕ್ಕಿಯ ಹಿಟ್ಟಿನೊಳಗೆ ಬೆಲ್ಲದ ಹೂರಣವಿಟ್ಟು ಬೇಯಿಸಿದ ‘ಯೋಮರಿ’ಯನ್ನು ಮಾಡುವರು, ಅದು ನಮ್ಮ ಕಡುಬಿನ ಬಂಧು. ಅದೇ ಹುಣ್ಣಿಮೆಯಲ್ಲಿ ಕಿರಾತರು ‘ಉಧೌಲಿ’ಯನ್ನೂ, ವೈಶಾಖದ ಹುಣ್ಣಿಮೆಯಲ್ಲಿ ‘ಉಭೌಲಿ’ಯನ್ನೂ ಆಚರಿಸುವರು. ಚಳಿಗೆ ಅಂಜಿ ಹಕ್ಕಿಗಳು ಬೆಟ್ಟದಿಂದ ಬಯಲಿಗಿಳಿಯುವ ಕಾಲ ಒಂದು, ಮತ್ತೆ ಮೇಲೇರುವ ಕಾಲ ಇನ್ನೊಂದು. ಗುರುಂಗರು, ತಮಂಗರು, ಶೆರ್ಪಾಗಳು ತಮ್ಮ ತಮ್ಮ ಹೊಸ ವರ್ಷವಾದ ‘ಲೋಸಾರ್’ ಹಬ್ಬವನ್ನು ಬೇರೆ ಬೇರೆ ದಿನಗಳಲ್ಲಿ ಆಚರಿಸುವರು. ಮಕರ ಸಂಕ್ರಾಂತಿಯಂದು ನಾವು ಎಳ್ಳುಬೆಲ್ಲ ಬೀರುವಂತೆ ಅವರು ಎಳ್ಳಿನ ಉಂಡೆ, ತುಪ್ಪ, ಬೆಲ್ಲ, ಬೇಯಿಸಿದ ಗೆಣಸುಗಳನ್ನು ಮೆಲ್ಲುವರು. ಥಾರು ಜನರಿಗೆ ಅದೇ ವರ್ಷದ ಮೊದಲ ಹಬ್ಬ.

ಮಹಾಶಿವರಾತ್ರಿಯಂದು ಬಾಗಮತೀ ನದಿಯ ದಡದ ಪಶುಪತಿನಾಥ ದೇವಾಲಯಕ್ಕೆ ನೇಪಾಳ ಮತ್ತು ಭಾರತಗಳಿಂದ ಸಾಧುಗಳೂ ಭಕ್ತರೂ ಬಂದು ಸೇರುವರು. ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವುದು ‘ಭಟ್ಟ’ರೆಂಬ ಅರ್ಚಕರಿಗೆ ಮಾತ್ರ. ಈ ಭಟ್ಟರು ದಕ್ಷಿಣ ಭಾರತದವರು. ಬಹುಕಾಲದಿಂದ ನಮ್ಮ ಕರ್ನಾಟಕದಿಂದ ಹೋದವರು! ಅವರಿಗೆ ನೆರವಾಗುವ ಭಂಡಾರಿಗಳು ನೇಪಾಳದವರು. 2008ರ ಕೊನೆಯಲ್ಲಿ ಅಂದಿನ ಸರ್ಕಾರವು ಭಟ್ಟರ ಸ್ಥಾನದಲ್ಲಿ ನೇಪಾಳಿ ಅರ್ಚಕರನ್ನು ನೇಮಿಸಿದಾಗ ಅಲ್ಲಿ ವಿರೋಧ ಎದ್ದಿತು. 2009ರ ಜನವರಿಯಲ್ಲಿ ಸರ್ಕಾರವು ಆ ನೇಮಕವನ್ನು ಹಿಂತೆಗೆದುಕೊಂಡಿತು. ಕಡಲ ತಡಿಯಿಂದ ಹೊರಟ ಕನ್ನಡಿಗನೊಬ್ಬನು ಹಿಮಾಲಯದ ತಪ್ಪಲಿನಲ್ಲಿ ಒಂದು ರಾಷ್ಟ್ರದ ಆರಾಧ್ಯದೈವವನ್ನು ಅರ್ಚಿಸುತ್ತಾನೆ. ಆ ಬೆಟ್ಟದಿಂದ ಇಳಿದು ಬಂದವನೊಬ್ಬನು ಇಲ್ಲಿ ನಮ್ಮ ಮನೆಗಳನ್ನು ರಾತ್ರಿಯೆಲ್ಲ ಕಾಯುತ್ತಾನೆ. ಇಬ್ಬರೂ ಮನೆಯಿಂದ ದೂರವಿರುವವರೇ. ಫಾಲ್ಗುಣದ ಹುಣ್ಣಿಮೆಯ ಬಣ್ಣದೋಕುಳಿಯೊಡನೆ ಹಬ್ಬಗಳ ಸುತ್ತು ಕೊನೆಗಾಣುತ್ತ ಬರುವುದು.

ಧಾರ್ಮಿಕ ಹಬ್ಬಗಳ ಜೊತೆಗೆ ರಾಷ್ಟ್ರೀಯ ದಿನಗಳೂ ಇವೆ. ರಾಣಾ ಮನೆತನದ ಪ್ರಧಾನಿಗಳು ನೂರು ವರ್ಷಗಳಿಗೂ ಮೀರಿ ನಡೆಸಿದ ನಿರಂಕುಶ ಆಡಳಿತ 1951ರಲ್ಲಿ ಅಳಿಯಿತು. ಅದರ ನೆನಪಿಗೆ ಫಾಲ್ಗುಣದ 7ನೆಯ ದಿನ ಪ್ರಜಾತಂತ್ರ ದಿನವಾಗಿದೆ. ಆ ಆಡಳಿತವನ್ನೆದುರಿಸಿ 1941ರಲ್ಲಿ ಮರಣದಂಡನೆಗೆ ಗುರಿಯಾದ ಶುಕ್ರರಾಜ ಶಾಸ್ತ್ರಿ, ಧರ್ಮಭಕ್ತ ಮಾಥೆಮಾ, ದಶರಥ ಚಂದ್, ಗಂಗಾಲಾಲ್ ಶ್ರೇಷ್ಠ ಎಂಬ ನಾಲ್ವರನ್ನು ಮಾಘದ 16ರಂದು ಹುತಾತ್ಮರ ದಿನದಲ್ಲಿ ಸ್ಮರಿಸುವರು. 2008ರ ಮೇ 28ರಂದು ಅರಸೊತ್ತಿಗೆ ಕೊನೆಗೊಂಡು ನೇಪಾಳವು ಗಣರಾಜ್ಯವಾಯಿತು. ಜ್ಯೇಷ್ಠದ 15ನೆಯ ದಿನ ಗಣತಂತ್ರ ದಿನ. 2015ರ ಸೆಪ್ಟೆಂಬರ್ 20ರಂದು ಜಾರಿಗೆ ಬಂದ ಸಂವಿಧಾನದ ಸ್ಮರಣೆ ಆಶ್ವಿನದ 3ನೆಯ ದಿನ. ಅರಸರು ಹೋದರೂ ಹಬ್ಬಗಳು ಹೋಗಲಿಲ್ಲ. ಇಂದ್ರಜಾತ್ರೆಯಲ್ಲಿ ಹಿಂದೆ ಅರಸನು ಬಂದು ನಿಲ್ಲುತ್ತಿದ್ದ ಸ್ಥಳದಲ್ಲಿ ಈಗ ರಾಷ್ಟ್ರಪತಿಯು ಬಂದು ನಿಲ್ಲುವನು.

ಇಷ್ಟು ಹಬ್ಬಗಳನ್ನು ತಿಳಿದುಕೊಂಡ ಮೇಲೆ ನನಗೆ ಒಂದು ಸಂಗತಿ ಎದ್ದು ಕಂಡಿತು. ಸಿರಿವಂತರೂ ಸುಖಿಗಳೂ ಹಬ್ಬ ಮಾಡುವುದು ಎಲ್ಲ ಕಡೆಯೂ ಉಂಟು. ಆದರೆ ಮನೆಯಲ್ಲಿ ಸಾವನ್ನು ಕಂಡವನಿಗೆ ಗಾಯಿಜಾತ್ರೆ, ಅತ್ತೆಯ ಮನೆಯಲ್ಲಿ ನೊಂದವಳಿಗೆ ತೀಜ್, ಒಡಹುಟ್ಟಿಲ್ಲದವನಿಗೆ ಕೊಳದ ನಡುವಿನ ಗುಡಿ, ತಡವಾಗಿ ಬಂದವನಿಗೆ ಹುಣ್ಣಿಮೆಯವರೆಗಿನ ಟೀಕಾ, ಬೀದಿಯ ನಾಯಿಗೂ ಒಂದು ಹೂಮಾಲೆ—ಹೀಗೆ ಹೊರಗುಳಿದವರಿಗಾಗಿ ಈ ಹಬ್ಬಗಳು ಒಂದೊಂದು ಬಾಗಿಲನ್ನು ತೆರೆದಿಟ್ಟಿವೆ. ನಮ್ಮ ಹಬ್ಬಗಳಲ್ಲಿಯೂ ಅಂಥ ಬಾಗಿಲುಗಳಿವೆ; ಅವುಗಳನ್ನು ತೆರೆಯಲು ನಾವು ಮರೆಯುತ್ತೇವೆ. ದೀಪಾವಳಿಯ ರಾತ್ರಿ ನಾವು ಪಟಾಕಿ ಸಿಡಿಸುವಾಗ ಕಟ್ಟಡದ ಬಾಗಿಲಲ್ಲಿ ನಿಂತವನು ಯಾರು, ಅವನಿಗೂ ಆ ದಿನ ಹಬ್ಬವಿದೆಯೆ ಎಂದು ನಾನು ಅದುವರೆಗೆ ಎಂದೂ ಯೋಚಿಸಿರಲಿಲ್ಲ. ಆ ವರ್ಷ ನೋಡಿದೆ. ಬೀದಿಯ ಕಂದು ನಾಯಿಯೊಂದು ಕೊರಳಲ್ಲಿ ಚೆಂಡುಹೂವಿನ ಮಾಲೆಯನ್ನು ಧರಿಸಿ ಆತನ ಕುರ್ಚಿಯ ಪಕ್ಕದಲ್ಲಿ ಮಲಗಿತ್ತು.

ಮರುವರ್ಷದ ವಿಜಯದಶಮಿಗೆ ನಾನು ಸಿದ್ಧನಾಗಿದ್ದೆ. ಆತನ ಹೆಸರನ್ನು ಆ ವೇಳೆಗೆ ಕೇಳಿ ತಿಳಿದಿದ್ದೆ. ‘ಗೂರ್ಖಾ’ ಎಂದು ಕರೆಯುವುದನ್ನು ಬಿಟ್ಟಿದ್ದೆ. ತಟ್ಟೆಯನ್ನು ಹಿಡಿದು ಬಂದಾಗ ಒಳಗೆ ಕರೆದು ಕೂರಿಸಿದೆ. ಹೆಸರು ಹಿಡಿದು ಕರೆದು, ಹಣೆಗೆ ಅಕ್ಷತೆಯನ್ನಿಟ್ಟು, ಆಯುಸ್ಸೂ ಸಂಪತ್ತೂ ಕೀರ್ತಿಯೂ ಜಯವೂ ನಿನಗೆ ದೊರೆಯಲಿ, ಬರುವ ವರ್ಷ ನಿನ್ನ ತಾಯಿಯ ಕೈಯಿಂದಲೇ ಟೀಕಾ ಇಡಿಸಿಕೊಳ್ಳುವಂತಾಗಲಿ ಎಂದು ಹರಸಿದೆ. ಆತ ತನ್ನ ದೂರವಾಣಿಯನ್ನು ತೆಗೆದು ತಾಯಿಗೆ ಆ ಹಣೆಯನ್ನು ತೋರಿಸಿದ. ಆ ತಾಯಿ ದೂರದ ಬೆಟ್ಟದ ಹಳ್ಳಿಯಿಂದ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಆತ ತಲೆಬಾಗಿದ.

ಮಾತಿನ ಹರಕೆ ಇಂದು ಸಾವಿರ ಮೈಲಿಗಳಾಚೆಯಿಂದಲೂ ಕೇಳಿಬರುವುದು. ಆದರೆ ಹಣೆಗೆ ಅಕ್ಷತೆಯನ್ನಿಡಲು ಹತ್ತಿರದಲ್ಲೊಂದು ಕೈ ಬೇಕು. ನಮ್ಮ ಬೀದಿಗೆ ಬಂದು ನೆಲೆಸಿದವರಿಗೆ ಆ ಕೈಯನ್ನು ನಾವು ನೀಡಬಲ್ಲೆವು.